ರಿಮ್ಮಿಗೆ ಬಣ್ಣ, ನಟ್ಟಿನ ಕುಳಿಗೆ ಗೋಲಿ

ಕಾರಿನ ಉಕ್ಕಿನ ರಿಮ್ಮಿಗೆ ಕೈಯಾರೆ ಬಣ್ಣ ಹೊಡೆಯುವ ಹುಚ್ಚು ಪುಣೆಯ ನಮ್ಮ ನಿಗಡಿಯ ಹುಡುಗರಿಗೆ ಹಿಡಿದಿರುವುದು ನನಗೆ ಸಂತೋಷದ ಸಂಗತಿಯೇ. ಅಲಾಯ್ ಚಕ್ರಕ್ಕೆ ಹಣ ಸುರಿಯುವ ಬದಲು ಇದ್ದದ್ದನ್ನೇ ಚೆಂದ ಮಾಡಿಕೊಳ್ಳುವುದು ಜಾಣತನ. ಆದರೆ ಅವರು ಮಾಡುವ ರೀತಿಯನ್ನು ಬಾಲ್ಕನಿಯಿಂದ ನೋಡಿ ನೋಡಿ ನನ್ನ ತಾಳ್ಮೆ ತೀರಿದೆ. ಟೈರಿಗೆ ಹಳೆಯ ಪೇಪರು ಸುತ್ತಿ, ತುಕ್ಕಿನ ಮೇಲೆಯೇ ಡಬ್ಬಿಯ ಸ್ಪ್ರೇ ಹೊಡೆದು, ಸಂಜೆಗೆ ಫೋಟೊ ತೆಗೆದು, ಜೂನ್ ತಿಂಗಳ ಮೊದಲ ಮಳೆಗೆ ಬಣ್ಣ ಹಪ್ಪಳದಂತೆ ಎದ್ದಾಗ ಅಂಗಡಿಯವನನ್ನು ಬಯ್ಯುತ್ತಾರೆ.

ನಮ್ಮ ಯಜಮಾನರು ಭೋಸರಿಯಲ್ಲಿ ಪೇಂಟಿಂಗ್ ಶೆಡ್ ನಡೆಸುತ್ತಿದ್ದಾಗ ಬಣ್ಣ ಕಲಸುವುದೂ ಉಜ್ಜುವ ಮರಳು ಪೇಪರ್ ಹೊಡೆಯುವುದೂ ನನ್ನ ಪಾಲಿಗೆ ಬಂದ ಕೆಲಸಗಳಾಗಿದ್ದವು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪದ್ಮಿನಿ ಕಾರುಗಳು ಆಗ ನಮ್ಮಲ್ಲಿಗೆ ಬರುತ್ತಿದ್ದವು; ರಿಮ್ಮಿಗೆ ಬಾಡಿಯದೇ ಬಣ್ಣ ಕೊಟ್ಟು ನಡುವೆ ಕ್ರೋಮ್ ಕ್ಯಾಪ್ ಹಾಕಿಸುವುದು ಆ ಕಾಲದ ಶೋಕಿ. ಹಾಗೆ ಹಾಕಿದ ಕ್ಯಾಪಿನ ಹಿಂದೆ ನೀರು ನಿಂತು ತುಕ್ಕು ಹುಟ್ಟುತ್ತದೆ ಎಂಬುದನ್ನು ನಾನು ಅಲ್ಲಿಯೇ ಕಂಡುಕೊಂಡೆ. ಆದ್ದರಿಂದ ಇಂದಿಗೂ ಯಾರಾದರೂ ರಿಮ್ ತಂದರೆ ಮೊದಲು ಹಿಂಬದಿ ತಿರುಗಿಸಿ ನೋಡುತ್ತೇನೆ.

ವೆಲ್ಡಿಂಗ್ ಮಾಡಿಸಿ ಅಗಲ ಮಾಡಿದ ರಿಮ್ಮಾದರೆ ಬಣ್ಣದ ಮಾತು ಆಮೇಲೆ. ಟೈರ್ ಹಾಕಿಸಿ, ಗಾಳಿ ತುಂಬಿಸಿ, ಬೆಸುಗೆಯ ಉದ್ದಕ್ಕೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಬೆಸುಗೆ ಒರಟಾಗಿ ಕಾಣುತ್ತದೆಂದು ಗ್ರೈಂಡರಿನಿಂದ ಸಮ ಮಾಡಿ ಪುಟ್ಟಿ ತುಂಬುವ ಹುಡುಗರಿದ್ದಾರೆ. ಹಾಗೆ ತುಂಬಿದ ಪುಟ್ಟಿಯ ಕೆಳಗೆ ಬಿರುಕು ಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮೂಲರೂಪ ಬದಲಿಸುವುದಕ್ಕೆ ಕಡಿವಾಣ ಹಾಕಿದೆ ಎಂಬುದನ್ನೂ ಈ ಶೂರರು ಅರಿತಿರಲಿ.

ತುಕ್ಕು ತೆಗೆಯಲು 80 ಅಥವಾ 120ನೆಯ ನಂಬರಿನ ಪೇಪರು, ಅದರ ಗೀರು ಅಳಿಸಲು 180, ಪ್ರೈಮರಿನ ಮೇಲೆ 400ರ ವಾಟರ್ ಪೇಪರು ಎಂಬುದು ಎಲ್ಲರಿಗೂ ಗೊತ್ತಿದೆ ಎಂದುಕೊಳ್ಳುತ್ತೇನೆ. ಗೊತ್ತಿದ್ದೂ ತಪ್ಪುವುದು ಒಣಗಿಸುವಲ್ಲಿ. ತೊಳೆದ ರಿಮ್ಮನ್ನು ಗೋಡೆಗೆ ಒರಗಿಸಿ ಚಹಾ ಕುಡಿಯಲು ಹೋಗುತ್ತಾರೆ. ಬರುವಷ್ಟರಲ್ಲಿ ಬೋಳು ಉಕ್ಕಿನ ಮೇಲೆ ಕೆಂಪು ಪೊರೆ ಕೂತಿರುತ್ತದೆ. ನಮ್ಮ ಸೊಸೆಯೂ ರೊಟ್ಟಿಯ ಹಂಚನ್ನು ತೊಳೆದು ಸಿಂಕಿನಲ್ಲೇ ಕವುಚಿ ಬಿಡುತ್ತಾಳೆ, ಉರಿಯ ಮೇಲೆ ಒಂದು ಕ್ಷಣ ಇಟ್ಟು ಎಣ್ಣೆ ಸವರು ಎಂದರೆ ನಗುತ್ತಾಳೆ, ಇರಲಿ. ರಿಮ್ಮನ್ನು ಮಾತ್ರ ಬಟ್ಟೆಯಿಂದ ಒರೆಸಿ, ಕೈಗೆ ಬಿಸಿ ತಾಗುವಷ್ಟು ಬಿಸಿಲಿಗೆ ಕಾಯಿಸಿ, ಥಿನ್ನರಿನಲ್ಲಿ ಒಮ್ಮೆ ಒರೆಸಿ, ಅದು ತಣಿದು ಬೆಚ್ಚಗಾದ ಕೂಡಲೇ ಪ್ರೈಮರ್ ಹೊಡೆಯಬೇಕು. ಆಮೇಲೆ ಬರಿಗೈಯಲ್ಲಿ ಮುಟ್ಟಬಾರದು.

ಇನ್ನು ನಾನು ಯಾರ ಮಾತಿಗೂ ಬಿಟ್ಟುಕೊಡದ ವಿಷಯಕ್ಕೆ ಬರುತ್ತೇನೆ. ನಟ್ಟು ಕೂರುವ ತೂತಿನ ಬಾಯಿ ಸಾಮಾನ್ಯವಾಗಿ ಒಳಮುಖವಾಗಿ ಇಳಿಜಾರಾಗಿರುತ್ತದೆ. ನಟ್ಟಿನ ಮೊನಚು ಆ ಇಳಿಜಾರಿಗೆ ಲೋಹಕ್ಕೆ ಲೋಹ ತಾಗಿ ಕಚ್ಚಿಕೊಳ್ಳಬೇಕು. ಅಲ್ಲಿ ಪ್ರೈಮರು, ಬಣ್ಣ, ಲ್ಯಾಕರ್ ಎಂದು ಮೂರು ಪದರ ಸೇರಿದರೆ ನಟ್ಟು ಬಿಗಿಯಾದಂತೆ ಕಾಣುತ್ತದೆ, ಗಾಡಿ ಓಡುತ್ತಾ ಆ ಮೆತ್ತನೆಯ ಪದರ ನಜ್ಜಾಗುತ್ತದೆ, ಬಿಗಿ ಸಡಿಲುತ್ತದೆ. ಚಕ್ರ ಕಳಚುವ ಮಾತಿದು, ಅಂದಚೆಂದದ ಮಾತಲ್ಲ. ಟೇಪು ಅಂಟಿಸಿದರೆ ಆ ಇಳಿಜಾರಿನಲ್ಲಿ ಸುಕ್ಕಾಗಿ ಬಣ್ಣ ಒಳಗೆ ನುಗ್ಗುತ್ತದೆ. ಅದಕ್ಕೆ ನನ್ನ ಉಪಾಯ ಗೋಲಿ. ಮಕ್ಕಳು ಆಡುವ ಗಾಜಿನ ಗೋಲಿಗಳಲ್ಲಿ ದೊಡ್ಡವನ್ನು ಆರಿಸಬೇಕು. ತೂತಿನ ಮೇಲಿಟ್ಟರೆ ಇಳಿಜಾರಿನ ನಡುವೆ ಎಲ್ಲೋ ಸಿಕ್ಕಿಕೊಳ್ಳದೆ ಅದರ ಮೇಲಂಚಿಗೇ ಸುತ್ತಲೂ ತಾಗಿ ಕೂರಬೇಕು. ಬೆಳಕಿಗೆ ಹಿಡಿದು ಕೆಳಗಿನಿಂದ ನೋಡಿದಾಗ ಸಂದು ಕಾಣಬಾರದು. ಗೋಲಿ ಜಾರದಿರಲೆಂದು ಗ್ರೀಸ್ ಸವರುವ ಬುದ್ಧಿವಂತಿಕೆ ಬೇಡ, ಗ್ರೀಸಿನ ಹತ್ತಿರ ಬಣ್ಣ ನಿಲ್ಲದೆ ಮೀನಿನ ಕಣ್ಣಿನಂಥ ಗುಂಡು ಕುಳಿಗಳೇಳುತ್ತವೆ. ರಿಮ್ಮನ್ನು ಮುಖ ಮೇಲೆ ಮಾಡಿ, ಬೆರಳು ಕೆಳಗೆ ಹೋಗುವಷ್ಟು ಎತ್ತರಕ್ಕೆ ಖಾಲಿ ಪೇಂಟ್ ಡಬ್ಬಿಗಳ ಮೇಲೆ ಮಲಗಿಸಿದರೆ ಗೋಲಿಗಳು ತಮ್ಮ ಭಾರಕ್ಕೇ ಕೂರುತ್ತವೆ. ಕೊನೆಯ ಕೈ ಬಣ್ಣ ಬೆರಳಿಗೆ ಅಂಟುವುದು ನಿಂತು, ಇನ್ನೂ ಗಟ್ಟಿಯಾಗದ ಹೊತ್ತು ನೋಡಿ, ತೂತಿನ ಕೆಳಗಿನಿಂದ ಬೆರಳಿನಿಂದ ಗೋಲಿಯನ್ನು ನೆಟ್ಟಗೆ ಮೇಲಕ್ಕೆ ತಳ್ಳಬೇಕು. ಪಕ್ಕಕ್ಕೆ ಉರುಳಿಸಿದರೆ ಅಂಚು ಕಿತ್ತುಬರುತ್ತದೆ. ರಾತ್ರಿಯೆಲ್ಲ ಬಿಟ್ಟರೆ ಬಣ್ಣ ಗೋಲಿಯೊಡನೆ ಚಕ್ಕೆಯಾಗಿ ಏಳುತ್ತದೆ. ಸರಿಯಾಗಿ ತೆಗೆದರೆ ಪ್ರತಿ ತೂತಿನ ಸುತ್ತ ಕಂಪಾಸಿನಲ್ಲಿ ಎಳೆದಂಥ ದುಂಡು ಗೆರೆ ಉಳಿಯುತ್ತದೆ. ಹಿಂಬದಿಯಲ್ಲಿ ಹಬ್ಬಿಗೆ, ಅಂದರೆ ಚಕ್ರ ಕೂರುವ ಗಾಡಿಯ ಗುಂಭಕ್ಕೆ, ಒತ್ತಿ ಕೂರುವ ಸಮತಟ್ಟಾದ ಭಾಗಕ್ಕೂ ಬಣ್ಣ ದಪ್ಪಗೆ ಬೀಳಬಾರದು. ಅಲ್ಲಿಗೆ ಹಳೆಯ ಎಕ್ಸ್‌ರೇ ಹಾಳೆಯನ್ನು ದುಂಡಗೆ ಕತ್ತರಿಸಿ ಟೇಪಿನಿಂದ ಅಂಟಿಸಿದರೆ ಸಾಕು.

ಬಣ್ಣದ ಆಯ್ಕೆ ನಿಮ್ಮದು. ಬಿಳಿ ಕೊಟ್ಟರೆ ಬ್ರೇಕಿನ ಧೂಳು ಎದ್ದು ಕಾಣುತ್ತದೆ. ಗನ್‌ಮೆಟಲ್, ಕಂಚಿನ ಬಣ್ಣ ಎರಡೂ ಪುಣೆಯ ಧೂಳನ್ನು ಮರೆಸುತ್ತವೆ. ಬೆಳ್ಳಿಯ ಮೇಲೆ ಪಾರದರ್ಶಕ ಕೆಂಪು ಅಥವಾ ನೀಲಿ ಹೊಡೆಯುವ ಕ್ಯಾಂಡಿ ಬಣ್ಣ ಬೇಕೆಂದರೆ ನಾಲ್ಕೂ ರಿಮ್ಮನ್ನು ಒಟ್ಟಿಗೆ ಸಾಲಾಗಿಟ್ಟು, ಒಂದಕ್ಕೆಷ್ಟು ಕೈಯೋ ಎಲ್ಲಕ್ಕೂ ಅಷ್ಟೇ ಕೈ ಹೊಡೆಯಬೇಕು, ಏಕೆಂದರೆ ಪ್ರತಿ ಪದರಕ್ಕೂ ಅದು ಗಾಢವಾಗುತ್ತಾ ಹೋಗುತ್ತದೆ. ಒಂದೇ ಸಲ ತೋಯುವಂತೆ ಹೊಡೆದರೆ ಬಣ್ಣ ಸೋರಿ ಇಳಿಯುತ್ತದೆ. ತೆಳುವಾಗಿ ಹೊಡೆದು, ಥಿನ್ನರ್ ಆರಲು ಹತ್ತು ಹದಿನೈದು ನಿಮಿಷ ಬಿಟ್ಟು, ಮತ್ತೆ ಹೊಡೆಯಿರಿ.

ಆಷಾಢ ಶ್ರಾವಣದ ತೇವದಲ್ಲಿ ಥಿನ್ನರ್ ಆರಿಯೇ ಒಣಗುವ ಡ್ಯೂಕೊ ಬಣ್ಣ ಮುಟ್ಟಲೇಬೇಡಿ, ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಳ್ಳುತ್ತದೆ. ದೀಪಾವಳಿ ಕಳೆದ ಮೇಲೆ ನಮ್ಮ ಊರಿನ ಒಣಗಾಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗಟ್ಟಿಯಾಗಲು ಹಾರ್ಡ್‌ನರ್ ಬೆರೆಸುವ ಪಿಯು (ಪಾಲಿಯುರಿಥೇನ್) ಬಣ್ಣವನ್ನು ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಪಾರ್ಕಿಂಗಿನಲ್ಲಿ ಹೊಡೆಯುವುದು ಹುಚ್ಚುತನ. ಅದರಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ಕೆಟ್ಟದ್ದು, ಅದನ್ನು ಸರಿಯಾದ ಮುಸುಕು, ಬೂತು ಇರುವವರಿಗೆ ಬಿಡಿ. ಬಾಳಿಕೆಯೇ ಮುಖ್ಯ ಎನ್ನುವವರು ಟೈರು, ವಾಲ್ವು ತೆಗೆಸಿ ಪೌಡರ್ ಕೋಟಿಂಗ್‌ಗೆ ಕೊಡಲಿ. ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆ ಬಣ್ಣದ ಪುಡಿ ಬೇಯುತ್ತದೆ; ಆ ಶಾಖವನ್ನು ಉಕ್ಕು ತಡೆಯುತ್ತದೆ, ಸಾಮಾನ್ಯ ಪುಟ್ಟಿ ತಡೆಯುವುದಿಲ್ಲ. ಅಲ್ಲಿಯೂ ನಟ್ಟಿನ ಕುಳಿಗಳನ್ನು ಮುಚ್ಚಿ ಎಂದು ಎದುರಿಗೆ ನಿಂತು ಹೇಳಬೇಕು.

ಮ್ಯಾಟ್ ಮೇಲ್ಮೈಗೆ ವ್ಯಾಕ್ಸ್ ಉಜ್ಜಬೇಡಿ, ಅಲ್ಲಲ್ಲಿ ಹೊಳಪಿನ ಕಲೆಯಾಗುತ್ತದೆ. ಸ್ಟೆಪ್ನಿಗೂ ಅದೇ ಬಣ್ಣ ಕೊಡಿ. ಮರಳಿ ಕೂಡಿಸುವಾಗ ಬ್ಯಾಲೆನ್ಸಿಂಗ್ ಹೊಸದಾಗಿ ಮಾಡಿಸಿ, ನಟ್ಟುಗಳನ್ನು ಎದುರುಬದುರಾಗಿ, ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಿ. 50ರಿಂದ 100 ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡಬೇಕು. ಕ್ಯಾಪ್ ಹಾಕುವುದು ಅದಾದ ಮೇಲೆ.