ಹುಂಜಕ್ಕೆ ಎಂಟು ಗಂಟೆಗೆ ಬೆಳಗು ಮಾಡಿದ್ದು: ನನ್ನ ಅನುಭವ

ನಸುಕಿಗೂ ಮೊದಲೇ ಕೂಗಿ ಅಕ್ಕಪಕ್ಕದವರ ನಿದ್ದೆ ಕೆಡಿಸುವ ಹುಂಜ ಹಿತ್ತಲಲ್ಲಿ ಇಟ್ಟುಕೊಂಡವರಿಗೆ ಎಲ್ಲರೂ ಕೊಡುವ ಸಲಹೆ ಮೂರೇ. ಕೊರಳಿಗೆ ಪಟ್ಟಿ ಕಟ್ಟಿ, ಕತ್ತಲಲ್ಲಿ ಇಡಿ, ಇಲ್ಲಾಂದ್ರೆ ಕೊಯ್ದುಬಿಡಿ. ಮೊದಲೆರಡನ್ನು ಮಾಡಿ ನೋಡಿದೆ. ಮೂರನೆಯದಕ್ಕೆ ಮನಸ್ಸು ಬರಲಿಲ್ಲ. ಕೊನೆಗೆ ಕೈ ಹಿಡಿದಿದ್ದು ಬೇರೆಯೇ ದಾರಿ. ಮೂರೂವರೆ, ನಾಲ್ಕಕ್ಕೆಲ್ಲ ಶುರು ಮಾಡುತ್ತಿದ್ದ ಹುಂಜ ಈಗ ಮೊದಲ ಕೂಗು ಹಾಕೋದು ಆರರ ಆಸುಪಾಸಿಗೆ, ಅದೂ ರಾತ್ರಿ ಅದನ್ನು ಮಲಗಿಸುವ ಪೆಟ್ಟಿಗೆಯೊಳಗಿಂದ. "ಹುಂಜದ ಗಡಿಯಾರ ತಿರುಗಿಸೋಕೆ ಹೊರಟಿದ್ದಾರೆ ನೋಡಿ" ಅಂತ ನಕ್ಕವರೇ ಈಗ ಪೆಟ್ಟಿಗೆಯ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇರೋದು ಹತ್ತು ಹೇಂಟೆ, ಒಂದು ಹುಂಜ. ಮೊದಲು ದೊಡ್ಡ ಹುಂಜವೊಂದಿತ್ತು. ಅದು ಇರುವವರೆಗೆ ಈ ಮರಿ ಹುಂಜ ಗೂಡಿನ ಹಿಂದೆ ನಿಂತು ಒಡಕು ದನಿಯಲ್ಲಿ ಒಂದೆರಡು ಸಲ ಕಿರುಚಿ ಸುಮ್ಮನಾಗುತ್ತಿತ್ತು. ದೊಡ್ಡದನ್ನು ಪರಿಚಯದವರಿಗೆ ಕೊಟ್ಟಿದ್ದೇ ತಡ, ಇದರ ಗಂಟಲು ತೆರೆಯಿತು. ಆಗ ಇದಕ್ಕೆ ಐದು ತಿಂಗಳು ಆಗಿತ್ತೇನೋ. ಇದರಲ್ಲಿ ಆಶ್ಚರ್ಯ ಇಲ್ಲ. ಗುಂಪಿನಲ್ಲಿ ಮೇಲಿನ ಸ್ಥಾನದ ಹುಂಜ ಮೊದಲು ಕೂಗುತ್ತದೆ, ಉಳಿದವು ಅದರ ನಂತರ ಸರದಿಯಲ್ಲಿ ಕೂಗುತ್ತವೆ ಅಂತ ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ನನ್ನ ಹುಂಜಕ್ಕೆ ಸರದಿಯೇ ಇಲ್ಲವಾಯಿತು. ಇದೇ ಮೊದಲು, ಇದೇ ಕೊನೆ.

ಕೊಟ್ಟುಬಿಡಬಹುದಿತ್ತು. ಆದರೆ ಕೆಲಸದ ಹುಂಜ. ಹದ್ದು ಕಂಡರೆ ಹೇಂಟೆಗಳನ್ನು ಪೊದೆಯ ಕೆಳಗೆ ಓಡಿಸುತ್ತದೆ, ಮನುಷ್ಯರ ಮೈಮೇಲೆ ಬರೋದಿಲ್ಲ. ಕಾವು ಕೂತ ಹೇಂಟೆಯ ಕೆಳಗೆ ಇದರ ಮೊಟ್ಟೆಗಳು ಹತ್ತಕ್ಕೆ ಎಂಟು ಮರಿಯಾಗುತ್ತವೆ. ಅಂಥ ಹುಂಜ ಮತ್ತೆ ಸಿಗೋದು ಕಷ್ಟ ಅಂತ ನಿಮಗೂ ಗೊತ್ತು.

ಮೊದಲು ಕೊರಳಪಟ್ಟಿ, ಅಂದ್ರೆ ಕೂಗುವಾಗ ಗಾಳಿ ಜೋರಾಗಿ ಹೊರಬರದಂತೆ ಕೊರಳಿಗೆ ಸುತ್ತುವ ಪಟ್ಟಿ. ಎರಡು ತರಿಸಿದೆ. ಮೂರು ಟ್ರೇ ಮೊಟ್ಟೆ ಮಾರಿದ ದುಡ್ಡು ಅದಕ್ಕೇ ಹೋಯಿತು. ಕಿರುಬೆರಳು ತೂರುವಷ್ಟು ಸಡಿಲ ಬಿಟ್ಟು ಕಟ್ಟಿದೆ. ಮೊದಲ ಒಂದು ಗಂಟೆ ಹುಂಜ ಹಿಂದಕ್ಕೆ ಹಿಂದಕ್ಕೆ ನಡೆಯಿತು, ಆಮೇಲೆ ಮರೆತು ಮೇಯಲು ಹೋಯಿತು. ದನಿ ತಗ್ಗಿದ್ದು ನಿಜ. ಅರ್ಧಕ್ಕಿಳಿಯಿತು ಅನ್ನಬಹುದು. ತೊಂದರೆ ಏನಂದ್ರೆ ಮರಿ ಹುಂಜದ ಕೊರಳು ಇನ್ನೂ ದಪ್ಪವಾಗುತ್ತಿರುತ್ತದೆ. ಈ ವಾರ ಸರಿಯಿದ್ದ ಪಟ್ಟಿ ಇನ್ನೆರಡು ವಾರಕ್ಕೆ ಬಿಗಿ. ಸಡಿಲ ಮಾಡಿದರೆ ಕೂಗು ವಾಪಸ್. ಒಂದು ಮಧ್ಯಾಹ್ನ ಗರಿ ತಿದ್ದಿಕೊಳ್ಳುವಾಗ ಕೆಳಗಿನ ಕೊಕ್ಕು ಪಟ್ಟಿಯೊಳಗೆ ಸಿಕ್ಕಿಕೊಂಡಿತ್ತು. ತಲೆ ಎದೆಗೆ ಅಂಟಿಕೊಂಡಿದೆ, ರೆಕ್ಕೆ ಬಡಿಯುತ್ತಿದೆ, ಜುಟ್ಟು ನೀಲಿಗೆ ತಿರುಗುತ್ತಿದೆ. ಹತ್ತಿರದಲ್ಲೇ ಇದ್ದೆ, ಬಿಡಿಸಿದೆ. ಅವತ್ತೇ ಪಟ್ಟಿ ಕಸದ ಬುಟ್ಟಿಗೆ ಹೋಯಿತು. ಬೆಳೆದು ನಿಂತ ಹುಂಜಕ್ಕೆ, ದಿನವಿಡೀ ಕಣ್ಣಿಟ್ಟಿರುವವರಿಗೆ ಇದು ಆಗಬಹುದು. ನಾನಂತೂ ಯಾರಿಗೂ ಹೇಳೋದಿಲ್ಲ. ಗಂಟಲಿನ ಆಪರೇಷನ್ ಮಾಡಿಸಿ ಅಂದವರೂ ಇದ್ದಾರೆ. ಅದರಲ್ಲಿ ಹುಂಜ ಬದುಕಿ ಉಳಿಯುವುದೇ ಕಷ್ಟ, ಆ ಮಾತು ಬೇಡ.

ಆಮೇಲೆ ತಗ್ಗು ಸೂರು. ಹುಂಜ ಕೊರಳು ಮೇಲೆತ್ತದೆ ಕೂಗೋದಿಲ್ಲ, ಆದ್ದರಿಂದ ಸೂರು ತಲೆಗೆ ತಾಗುವಂತಿದ್ದರೆ ಸಾಕು ಅನ್ನೋದು ಎಲ್ಲರ ಬಾಯಲ್ಲಿರುವ ಮಾತು. ಹಳೇ ಮರದ ಪೆಟ್ಟಿಗೆಯಲ್ಲಿ ಮಾಡಿ ನೋಡಿದೆ. ಎರಡು ರಾತ್ರಿ ಸುಮ್ಮನಿತ್ತು. ಮೂರನೇ ಬೆಳಗ್ಗೆ ಕೊರಳನ್ನು ಮುಂದಕ್ಕೆ ಚಾಚಿ ಕೂಗೋದು ಕಲಿತಿತ್ತು! ದನಿ ಸ್ವಲ್ಪ ಕೊಂಕಾಗಿತ್ತು, ಜೋರೇನೂ ಕಡಿಮೆ ಇರಲಿಲ್ಲ. ಮೇಲಾಗಿ ರಾತ್ರಿಯೆಲ್ಲ ಬಗ್ಗಿ ಕೂರಿಸೋದು ಹಿಂಸೆ. ಈಗಿನ ಪೆಟ್ಟಿಗೆಯಲ್ಲಿ ಅದು ಆರಾಮಾಗಿ ನಿಂತು ರೆಕ್ಕೆ ಕೊಡವಬಹುದು.

ಗೂಡಿಗೆ ಕಪ್ಪು ಪರದೆ, ಒಳಗೆ ಸ್ಪಂಜಿನ ಹಾಳೆ. ದುಡ್ಡು ಸುಟ್ಟಿದ್ದು ಅಂದ್ರೆ ಇಲ್ಲೇ. ನಾಲ್ಕು ಚೀಲ ಮೇವು ಬರುತ್ತಿತ್ತು ಆ ದುಡ್ಡಿಗೆ. ಸ್ಪಂಜು ಒಳಗಿನ ಪ್ರತಿಧ್ವನಿಯನ್ನು ಹೀರುತ್ತದೆ ಅಷ್ಟೇ, ಶಬ್ದ ಆಚೆ ಹೋಗೋದನ್ನು ತಡೆಯೋದಿಲ್ಲ. ಅದಕ್ಕೆ ತೂಕ ಬೇಕು. ಸಾಲದ್ದಕ್ಕೆ ಹೇಂಟೆಗಳು ಸ್ಪಂಜು ಕುಕ್ಕಿ ತಿನ್ನೋಕೆ ಶುರು ಮಾಡಿದವು. ಒಂದರ ಮೇವುಚೀಲ (ಕೊರಳ ಬುಡದಲ್ಲಿ ತಿಂದದ್ದು ಸೇರುವ ಚೀಲ) ಕಟ್ಟಿಕೊಳ್ಳುವುದರೊಳಗೆ ಎಲ್ಲಾ ಕಿತ್ತು ಹಾಕಿದೆ.

ಕತ್ತಲು ಮಾಡಿದರೂ ನಾಲ್ಕಕ್ಕೆ ಯಾಕೆ ಕೂಗುತ್ತೆ ಅನ್ನೋದು ತಲೆ ಕೊರೆಯುತ್ತಿತ್ತು. ಉತ್ತರ ಹಳೇದೇ. ನಗೋಯಾ ವಿಶ್ವವಿದ್ಯಾಲಯದ ಶಿಮ್ಮುರಾ ಮತ್ತು ಯೋಶಿಮುರಾ 2013ರಲ್ಲೇ ಬರೆದಿದ್ದಾರೆ. ಹುಂಜ ಬೆಳಕು ನೋಡಿ ಕೂಗೋದಲ್ಲ. ಮೈಯೊಳಗಿನ ಗಡಿಯಾರ ನೋಡಿ, ಬೆಳಕಿಗೆ ಸುಮಾರು ಎರಡು ಗಂಟೆ ಮೊದಲೇ ಶುರು ಮಾಡುತ್ತದೆ. ದಿನವಿಡೀ ಒಂದೇ ಮಂದ ಬೆಳಕಿನಲ್ಲಿಟ್ಟರೂ ದಿನವೂ ಹೆಚ್ಚುಕಮ್ಮಿ ತನ್ನ ಟೈಮಿಗೇ ಕೂಗುತ್ತಿತ್ತಂತೆ.

ಇದನ್ನು ನಾನೂ ನನ್ನ ಮಟ್ಟಿಗೆ ಪರೀಕ್ಷಿಸಿದೆ. ಬೇರೆ ಹುಂಜದ ಕೂಗನ್ನು ಫೋನಿಗೆ ಇಳಿಸಿಕೊಂಡು ರಾತ್ರಿ ಒಂದಕ್ಕೆ ಗೂಡಿನ ಹತ್ತಿರ ಹಾಕಿದೆ. ಹುಂಜ ಕಣ್ಣು ಬಿಟ್ಟು ತಲೆ ಓರೆ ಮಾಡಿ ನೋಡಿ ಮತ್ತೆ ಮಲಗಿತು. ನಾಲ್ಕೂವರೆಗೆ ಅದೇ ಕೂಗು ಹಾಕಿದರೆ ಮುಗಿಯುವುದರೊಳಗೆ ಉತ್ತರ. ಟಾರ್ಚ್ ಬೆಳಕಿಗೂ ಹಾಗೇ. (ಹಗಲಲ್ಲಿ ಕನ್ನಡಿ ಇಟ್ಟು ನೋಡಿದ್ದೂ ಉಂಟು. ದಯವಿಟ್ಟು ಮಾಡಬೇಡಿ. ಮಧ್ಯಾಹ್ನವೆಲ್ಲ ಕನ್ನಡಿ ಜತೆ ಜಗಳ, ಕೂಗು ದುಪ್ಪಟ್ಟು.)

ಅಲ್ಲಿಗೆ ದಾರಿ ಕಂಡಿತು. ಬೆಳಕಿಗೆ ಎರಡು ಗಂಟೆ ಮೊದಲು ಕೂಗೋದು ಅದರ ಹುಟ್ಟುಗುಣ ಆದರೆ, ಬೆಳಕನ್ನೇ ಎಂಟು ಗಂಟೆಗೆ ತರೋಣ. ಎಂಟಕ್ಕೆ ಬೆಳಗಾದರೆ ಕೂಗು ಆರಕ್ಕೆ. ಆರಕ್ಕೆ ಯಾರ ತಕರಾರೂ ಇಲ್ಲ.

ಪರದೆಯಿಂದ ಇದು ಆಗದ ಮಾತು. ಒಂದು ಕೂದಲೆಳೆ ಬೆಳಕು ನುಸುಳಿದರೂ ಹುಂಜ ಹಳೇ ಟೈಮಿಗೇ ಅಂಟಿಕೊಳ್ಳುತ್ತದೆ. ಪೂರ್ತಿ ಕತ್ತಲು ಬೇಕು, ಗಾಳಿಯೂ ಬೇಕು. ಪೆಟ್ಟಿಗೆ ಒಳಗಡೆ ಮೂರಡಿ ಉದ್ದ, ಎರಡಡಿ ಅಗಲ, ಎರಡೂಕಾಲು ಅಡಿ ಎತ್ತರ ಇರಬಹುದು. ಎರಡು ಪದರ ಪ್ಲೈವುಡ್, ನಡುವೆ ಒಂದಿಂಚು ಜಾಗ, ಅದರ ತುಂಬ ಒಣಗಿಸಿದ ಮರಳು. ಮರಳು ಹಸಿ ಇದ್ದರೆ ಪ್ಲೈ ಉಬ್ಬುತ್ತದೆ, ಮೂರು ದಿನ ಬಿಸಿಲಲ್ಲಿ ಹರಡಿ. ಇಬ್ಬರು ಸೇರಿದರೂ ಎತ್ತಲಾಗದಷ್ಟು ಭಾರ ಆಗುತ್ತದೆ, ಆದ್ದರಿಂದ ಇಡುವ ಜಾಗದಲ್ಲೇ ಕಟ್ಟಿ. ಬಾಗಿಲಿಗೂ ಎರಡು ಪದರ, ಸುತ್ತ ಫ್ರಿಜ್ ಬಾಗಿಲಿನದ್ದೇ ರಬ್ಬರ್. ಗುಜರಿಯಲ್ಲಿ ಸಿಕ್ಕಿದ್ದು, ಸುಮ್ನೆ ಕೊಟ್ಟಷ್ಟು ಅಗ್ಗ. ಒಳಗೆ ನೆಲದಿಂದ ಆರಿಂಚು ಎತ್ತರಕ್ಕೆ ಚಪ್ಪಟೆ ಮರದ ಕೋಲು, ಕೆಳಗೆ ಎಳೆದು ತೆಗೆಯುವ ತಗಡಿನ ತಟ್ಟೆ, ಅದರಲ್ಲಿ ಮರದ ಹೊಟ್ಟು.

ಗಾಳಿಯದ್ದೇ ದೊಡ್ಡ ಕೆಲಸ. ಗಾಳಿ ಹೋಗುವ ತೂತಿನಿಂದ ಶಬ್ದವೂ ಹೋಗುತ್ತದೆ, ಬೆಳಕೂ ಬರುತ್ತದೆ. ಮೊದಲ ಪೆಟ್ಟಿಗೆಯಲ್ಲಿ ನೇರ ಪೈಪ್ ಕೊಟ್ಟಿದ್ದೆ. ಅದರ ಬಾಯಿಂದ ಕೂಗು ಕಹಳೆ ಊದಿದ ಹಾಗೆ ಬರುತ್ತಿತ್ತು. ಈಗ ಕೆಳಗಿನ ಒಂದು ಮೂಲೆಯಲ್ಲಿ ಗಾಳಿ ಒಳಗೆ, ಎದುರು ಮೂಲೆಯ ಮೇಲ್ಗಡೆ ಗಾಳಿ ಹೊರಗೆ. ಎರಡೂ ಕಡೆ ಗಾಳಿ ಹಾವಿನಂತೆ ತಿರುಗಿ ತಿರುಗಿ ಹೋಗುವ ಮರದ ಕೊಳವೆ, ಒಳಮೈಗೆಲ್ಲ ಕಪ್ಪು ಬಣ್ಣ, ಹುಂಜದ ಕೊಕ್ಕು ತಲುಪದ ಕಡೆ ಹಳೇ ಕಂಬಳಿ. ಎಷ್ಟು ತಿರುವು, ಎಷ್ಟು ಅಗಲ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಒಂದು ತಿಂಗಳು ತಲೆ ಕೆಡಿಸಿಕೊಂಡು ಸಾಧಿಸಿದ್ದು, ಅಷ್ಟು ಸಲೀಸಾಗಿ ಕೊಡೋಕೆ ಮನಸ್ಸಿಲ್ಲ. ಹೊರಹೋಗುವ ಬಾಯಿಗೆ ಹಳೇ ಕಂಪ್ಯೂಟರ್‌ನ 12 ವೋಲ್ಟ್ ಫ್ಯಾನ್. ಕರೆಂಟ್ ಹೋದರೆ ನಿಲ್ಲಬಾರದು ಅಂತ ವೈಫೈ ರೂಟರ್‌ಗೆ ಹಾಕುವ ಸಣ್ಣ ಯುಪಿಎಸ್ ಜೋಡಿಸಿದ್ದೇನೆ. ಇದೊಂದರಲ್ಲಿ ಜಿಪುಣತನ ಮಾಡಬೇಡಿ. ಕೋಳಿಗೆ ಬೆವರುವ ಗ್ರಂಥಿಯೇ ಇಲ್ಲ, ಹೆಚ್ಚಾಗಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಫ್ಯಾನ್ ನಿಂತರೆ ಬೆಳಗ್ಗೆ ಹೆಣ. ಹುಂಜ ಬಿಡುವ ಮೊದಲು ಒಂದು ಸಣ್ಣ ಬಲ್ಬ್ ಹಚ್ಚಿಟ್ಟು ರಾತ್ರಿಯಿಡೀ ಥರ್ಮಾಮೀಟರ್ ನೋಡಿದೆ. ಹೊರಗಿನದಕ್ಕಿಂತ ಎರಡು ಡಿಗ್ರಿ ಜಾಸ್ತಿ ಇತ್ತು, ಅಷ್ಟೇ. ಸುಡು ಬೇಸಿಗೆಯಲ್ಲಿ ರಾತ್ರಿಯೂ 30 ಡಿಗ್ರಿ ದಾಟಿದರೆ ಪೆಟ್ಟಿಗೆ ಬಳಸೋದಿಲ್ಲ. ಆ ನಾಲ್ಕು ದಿನ ಅಕ್ಕಪಕ್ಕದವರು ಸಹಿಸಿಕೊಳ್ಳುತ್ತಾರೆ.

ಇನ್ನು ಬೆಳಕು. ಒಳಗೊಂದು ಸಣ್ಣ ಹಳದಿ ಎಲ್‌ಇಡಿ ಪಟ್ಟಿ, ಟೈಮರ್‌ಗೆ ಕೊಟ್ಟದ್ದು. ಸಂಜೆ ಹೇಂಟೆಗಳ ಜತೆ ಗೂಡು ಹತ್ತಿದ ಹುಂಜವನ್ನು ಎತ್ತಿ ಪೆಟ್ಟಿಗೆಗೆ ಬಿಡೋದು. ರಾತ್ರಿ ಒಂಬತ್ತರವರೆಗೆ ಮಂದ ಬೆಳಕು, ಆಮೇಲೆ ಪೂರ್ತಿ ಕತ್ತಲು. ಬೆಳಗ್ಗೆ ಎಂಟಕ್ಕೆ ಬಾಗಿಲು. ಇದನ್ನೇ ಮೊದಲ ದಿನದಿಂದ ಮಾಡಿದ್ದಾಗ ಹುಂಜ ವಾರವಿಡೀ ಕತ್ತಲಲ್ಲೂ ಹಳೇ ಟೈಮಿಗೇ ಕೂಗಿತು, ಆಮೇಲೆ ಅಡ್ಡಾದಿಡ್ಡಿ ಆಯಿತು. ಎರಡನೇ ಸಲ ಈ ಟೈಮನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಮುಂದಕ್ಕೆ ತಳ್ಳಿದೆ. ನಾಲ್ಕರ ಕೂಗು ನಾಲ್ಕೂವರೆಗೆ ಬಂತು, ಐದಕ್ಕೆ ಬಂತು, ಮೂರು ವಾರ ಕಳೆಯುವಾಗ ಆರಕ್ಕೆ ನಿಂತಿತು. ಭಾನುವಾರ ಅಂತ ಯಾರೋ ಬೇಗ ಬಾಗಿಲು ತೆಗೆದರೆ ಎರಡು ದಿನ ಹಿಂದಕ್ಕೆ ಜಾರುತ್ತದೆ. ಹಾಗಾಗಿ ಕೀಲಿ ನನ್ನ ಜೇಬಲ್ಲೇ ಇರುತ್ತದೆ.

ಶಬ್ದ ಎಷ್ಟು ಇಳಿಯಿತು? ಫೋನಿನ ಆ್ಯಪ್‌ನಲ್ಲಿ ನೋಡಿದ್ದು, ಹೋಲಿಸೋಕೆ ಸಾಕು. ಹುಂಜದಿಂದ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ತೋರಿಸುತ್ತಿತ್ತು. ಕಾಂಪೌಂಡ್ ಗೋಡೆ ಹತ್ತಿರ 75ರ ಆಸುಪಾಸು. ದೂರ ದುಪ್ಪಟ್ಟಾದರೆ ಆರು ಡೆಸಿಬೆಲ್ ಇಳಿಯುತ್ತೆ ಅನ್ನೋ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಪೆಟ್ಟಿಗೆಯೊಳಗಿಂದ ಕೂಗಿದರೆ ಅದೇ ಗೋಡೆ ಹತ್ತಿರ 50 ದಾಟೋದಿಲ್ಲ. ಪಕ್ಕದ ಮನೆಯವರು "ಹುಂಜ ಕೊಟ್ಟುಬಿಟ್ರಾ?" ಅಂತ ಕೇಳಿದರು. ಇಲ್ಲ, ಒಳಗಿದೆ ಅಂದೆ. ನಂಬಲಿಲ್ಲ. ಎಂಟಕ್ಕೆ ಕರೆದು ಬಾಗಿಲು ತೆಗೆದು ತೋರಿಸಿದೆ. ಮೊದಲೆಲ್ಲ ಮೊಟ್ಟೆ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದೆ, ಈಗ ಅದೇ ಮೊಟ್ಟೆಗೆ ದುಡ್ಡು ಕೊಟ್ಟು ಒಯ್ಯುತ್ತಾರೆ.

ಹುಂಜ ಬೆಳಗ್ಗೆ ಎರಡು ಗಂಟೆ ಹೊತ್ತು ಹೇಂಟೆಗಳ ಜತೆ ಇಲ್ಲದಿದ್ದರೆ ಮೊಟ್ಟೆ ಬರಡಾಗಲ್ವಾ ಅಂತ ಕೇಳಿದವರು ಬಹಳ. ಕೋಳಿಗಳು ಕೂಡೋದು ಜಾಸ್ತಿ ಸಂಜೆ ಹೊತ್ತಿಗೆ, ಬೆಳಗ್ಗೆ ಅಲ್ಲ. ಪೆಟ್ಟಿಗೆ ಶುರುವಾದ ಮೇಲೆ ಕಾವಿಗೆ ಇಟ್ಟಾಗಲೂ ಹತ್ತಕ್ಕೆ ಎಂಟರ ಲೆಕ್ಕ ತಪ್ಪಿಲ್ಲ. ಆದರೆ ಕಾವಲಿಗೆ ಹುಂಜ ಇರೋದಿಲ್ಲ ಅಂತ ಹೇಂಟೆಗಳನ್ನು ಎಂಟರವರೆಗೆ ಬಲೆ ಹಾಕಿದ ಅಂಗಳದಲ್ಲೇ ಬಿಡುತ್ತೇನೆ.

ಹಗಲಿನ ಕೂಗಿಗೆ ಪೆಟ್ಟಿಗೆಯಿಂದ ಏನೂ ಪ್ರಯೋಜನ ಇಲ್ಲ. ಹೇಂಟೆ ಮೊಟ್ಟೆಯಿಟ್ಟು ಗಲಾಟೆ ಮಾಡಿದರೆ ಹುಂಜವೂ ದನಿಗೂಡಿಸುತ್ತದೆ. ಒಂದು ಹೇಂಟೆ ಕಣ್ಮರೆಯಾದರೂ ಸಾಕು. ಮೊಟ್ಟೆಯಿಡುವ ಡಬ್ಬಗಳನ್ನು ಅಂಗಳದ ನಡುವಿನಿಂದ ಒಂದೇ ಕಡೆಗೆ ಸರಿಸಿ, ಹುಂಜಕ್ಕೆ ಎಲ್ಲ ಹೇಂಟೆಗಳೂ ಕಾಣುವ ಹಾಗೆ ಮಾಡಿದೆ. ಕೂಗು ಅರ್ಧದಷ್ಟು ಇಳಿದಿದೆ ಅಂತ ನನ್ನ ಲೆಕ್ಕ. ನೆನೆಸಿ ಹುಳಿ ಬರಿಸಿದ ಮೇವು ಕೊಟ್ಟರೆ ಹುಂಜ ಸುಮ್ಮನಿರುತ್ತೆ ಅಂತ ಯಾರೋ ಹೇಳಿದ್ದನ್ನೂ ಮಾಡಿ ನೋಡಿದೆ. ಕೂಗಿಗೆ ಏನೂ ಆಗಲಿಲ್ಲ. ಮೇವು ಚೆಲ್ಲೋದು ಕಡಿಮೆಯಾಯಿತು, ಅದಕ್ಕಾಗಿಯೇ ಮುಂದುವರಿಸಿದ್ದೇನೆ.

ಒಟ್ಟು ಖರ್ಚು ಲೆಕ್ಕ ಹಾಕಿದರೆ ಕೆಲಸಕ್ಕೆ ಬಂದ ಪೆಟ್ಟಿಗೆಗೆ ಎರಡು ತಿಂಗಳ ಮೇವಿನ ದುಡ್ಡು ಹಿಡಿದಿದೆ. ಕೆಲಸಕ್ಕೆ ಬಾರದವಕ್ಕೆ ಅದಕ್ಕಿಂತ ಜಾಸ್ತಿ. ದಿನದ ಕೆಲಸ ಅಂದ್ರೆ ಸಂಜೆ ಹಿಡಿದು ಬಿಡೋದು, ಬೆಳಗ್ಗೆ ತಟ್ಟೆ ಎಳೆದು ಹೊಟ್ಟು ಬದಲಾಯಿಸೋದು. ಇದನ್ನು ಎರಡು ದಿನ ಬಿಟ್ಟರೆ ಅಮೋನಿಯಾ ಮೂಗಿಗೆ ಹೊಡೆಯುತ್ತದೆ. ನಮ್ಮ ಮೂಗಿಗೆ ಹೊಡೆದರೆ ಅದರ ಶ್ವಾಸಕ್ಕೆ ಆಗಲೇ ಪೆಟ್ಟು.

ಈಗಿನ ಮರಿಗಳಲ್ಲಿ ಎರಡಕ್ಕೆ ಜುಟ್ಟು ಕೆಂಪಾಗುತ್ತಿದೆ, ಬೆನ್ನ ಮೇಲೆ ಚೂಪು ಗರಿ ಬರುತ್ತಿದೆ. ಹತ್ತು ಹೇಂಟೆಗೆ ಮೂರು ಹುಂಜ ಆಗದ ಮಾತು, ಹೇಂಟೆಗಳ ಬೆನ್ನು ಬೋಳಾಗುತ್ತದೆ. ಒಂದನ್ನು ಕೊಡೋದು ಗ್ಯಾರಂಟಿ. ಇನ್ನೊಂದನ್ನು ಒಂದೆರಡು ತಿಂಗಳು ಇಟ್ಟುಕೊಂಡು, ಅಪ್ಪನ ಪಕ್ಕದಲ್ಲೇ ಎರಡನೇ ಪೆಟ್ಟಿಗೆಯಲ್ಲಿ ಮಲಗಿಸಿ ನೋಡುವ ಯೋಚನೆ ಇದೆ. ಒಂದರ ಕೂಗು ಇನ್ನೊಂದಕ್ಕೆ ಕೇಳದಿದ್ದರೆ ಮರಿಯೂ ಆರಕ್ಕೇ ಹೊಂದಿಕೊಳ್ಳುತ್ತಾ, ಇಲ್ಲಾ ತನ್ನದೇ ಟೈಮ್ ಹಿಡಿಯುತ್ತಾ ಅಂತ. ಮರಳು ಒಣಗಿಸೋಕೆ ಹಾಕಿದ್ದೇನೆ.