ರಿಪೋರ್ಟ್‌ನಲ್ಲಿ ವಾತ, ಕೈಯಲ್ಲಿ ಇಲ್ಲ

ಬಾಗಲಕೋಟೆಯಲ್ಲಿ ಕ್ಲಿನಿಕ್ ತೆರೆದ ಮೊದಲ ವರ್ಷ. ಹುನಗುಂದದ ಕಡೆಯಿಂದ ಒಬ್ಬ ಅಜ್ಜಿ ಬಂದರು. ಎರಡೂ ಮೊಣಕಾಲು ನೋವು. "ಕುಂತ್ರ ಏಳಾಕ ಬರಂಗಿಲ್ರಿ ಸಾಹೇಬ್ರ" ಅಂದರು. ನಾನು ರಕ್ತ ಪರೀಕ್ಷೆಗೆ ಬರೆಯುವಾಗ ಸುಮ್ನೆ ಸಂಧಿವಾತಕ್ಕೆ ಮಾಡಿಸುವ ಆರ್‌ಎ ಫ್ಯಾಕ್ಟರ್ ಕೂಡ ಸೇರಿಸಿದೆ. ಯಾಕೆ ಅಂತ ಆಗ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. 28 ಬಂತು. ಆ ಲ್ಯಾಬ್‌ನ ಮಿತಿ 20.

ಸಂಧಿವಾತ, ಅಂದರೆ ದೇಹವೇ ತನ್ನ ಕೀಲುಗಳ ಮೇಲೆ ಎರಗುವ ರುಮಟಾಯ್ಡ್ ಆರ್ಥ್ರೈಟಿಸ್ (ಆರ್‌ಎ), ಅಂತ ಬರೆದು ಗುಳಿಗೆ ಶುರು ಮಾಡಿದೆ. ಅಜ್ಜಿ ಆರು ತಿಂಗಳು ತಪ್ಪದೆ ನುಂಗಿದರು. ಮೊಣಕಾಲು ಹಾಗೇ ಇತ್ತು. ಒಂದು ದಿನ ಮಾತಿಗೆ ಮಾತು ಬಂದು, ಈಗಲೂ ಬೆಳಿಗ್ಗೆ ಎದ್ದು ತಾವೇ ಇಪ್ಪತ್ತು ಜೋಳದ ರೊಟ್ಟಿ ಬಡಿಯುತ್ತೇನೆ ಅಂದರು. ನನಗೆ ನಾಚಿಕೆಯಾಯಿತು. ಸಂಧಿವಾತ ಹಿಡಿದ ಕೈ ಬೆಳಿಗ್ಗೆ ಮುಷ್ಟಿ ಕಟ್ಟುವುದೇ ಕಷ್ಟ, ಇನ್ನು ರೊಟ್ಟಿ ಎಲ್ಲಿಂದ ಬಡಿದೀತು? ಅವರದ್ದು ವಯಸ್ಸಿಗೆ ಸವೆದ ಮೊಣಕಾಲು, ಅಷ್ಟೇ.

ಆರ್‌ಎ ಫ್ಯಾಕ್ಟರ್ ಅನ್ನುವುದು ಒಂದು ಪ್ರತಿಕಾಯ, ಅಂದರೆ ಪರಕೀಯ ವಸ್ತುವಿನ ವಿರುದ್ಧ ದೇಹ ತಯಾರಿಸುವಂಥ ಪ್ರೋಟೀನ್. ಅದು ನಮ್ಮದೇ ಇನ್ನೊಂದು ಪ್ರತಿಕಾಯದ ಮೇಲೆ ತಿರುಗಿಬೀಳುತ್ತದೆ. ನಾರ್ವೆಯ ವಾಲರ್ 1940ರಲ್ಲಿ ಕುರಿಯ ರಕ್ತಕಣ ಬಳಸಿ ಇದನ್ನು ಗುರುತಿಸಿದರು. ಹೆಸರಿನಲ್ಲೇ ಸಂಧಿವಾತ ಇದೆ, ಆದರೆ ಟಿಬಿ, ಕುಷ್ಠ, ಹೆಪಟೈಟಿಸ್ ಸಿ, ಹೃದಯದ ಕವಾಟದ ಸೋಂಕು, ಎಲ್ಲದರಲ್ಲೂ ಇದು ಪಾಸಿಟಿವ್ ಬರಬಹುದು. ಏನೂ ಕಾಯಿಲೆ ಇಲ್ಲದವರಲ್ಲೂ ಬರುತ್ತದೆ, ವಯಸ್ಸಾದಂತೆ ಇನ್ನೂ ಜಾಸ್ತಿ. ಇದೆಲ್ಲ ಓದಿಯೇ ಪಾಸಾಗಿದ್ದೆ. ಓದಿದ್ದು ಕೈಗೆ ಬರಲು ಆ ಅಜ್ಜಿ ಬೇಕಾಯಿತು.

ಎರಡನೇ ಪಾಠ ಇದಕ್ಕೆ ಉಲ್ಟಾ, ಮತ್ತು ಅದು ನನ್ನನ್ನು ಜಾಸ್ತಿ ಕಾಡಿತು. ನೇಕಾರರ ಮನೆಯ ಹೆಣ್ಣುಮಗಳು, ನಲವತ್ತರ ಒಳಗಿನ ವಯಸ್ಸು, ಕಂಡಿಕೆಗೆ ನೂಲು ಸುತ್ತುವ ಕೆಲಸ. "ಮುಂಜಾನೆ ಎರಡು ತಾಸು ಕೈಬೆರಳ ಮಡಚಾಕ ಬರಂಗಿಲ್ರಿ. ಬಿಸಿನೀರಾಗ ಕೈ ಇಟ್ಟರ ಸ್ವಲ್ಪ ಸಡ್ಲ ಆಗ್ತಾವ." ಆರ್‌ಎ ಫ್ಯಾಕ್ಟರ್ ನೆಗೆಟಿವ್. ಕೆಲಸದ ನೋವು ಅಂತ ನೋವಿನ ಗುಳಿಗೆ ಕೊಟ್ಟು ಕಳಿಸಿದೆ. ವರ್ಷದ ಮೇಲೆ ಮತ್ತೆ ಬಂದಾಗ ಕೈಯ ಗೆಣ್ಣುಗಳು ಬಾತಿದ್ದವು, ಎಕ್ಸ್‌ರೇಯಲ್ಲಿ ಮೂಳೆಯ ಅಂಚು ಇಲಿ ಕಡಿದಂತೆ ಕಾಣುತ್ತಿತ್ತು. ಆಗ ಆಂಟಿ ಸಿಸಿಪಿ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆ ಮಾಡಿಸಿದೆ. ಮಿತಿಗಿಂತ ಹತ್ತು ಪಟ್ಟಿಗೂ ಮೇಲೆ.

ಸಂಧಿವಾತ ಇರುವವರಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಜನಕ್ಕೆ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬರುತ್ತದೆ. ಸಿಸಿಪಿಯ ಕಥೆ ಬೇರೆ. ನಮ್ಮ ಪ್ರೋಟೀನ್‌ನಲ್ಲಿರುವ ಆರ್ಜಿನಿನ್ ಎಂಬ ಅಂಶ ಬದಲಾಗಿ ಸಿಟ್ರುಲಿನ್ ಆದಾಗ, ಕೆಲವರ ದೇಹ ಅದನ್ನು ಪರಕೀಯ ಅಂದುಕೊಳ್ಳುತ್ತದೆ. ಬೀಡಿ, ಸಿಗರೇಟಿನ ಹೊಗೆ ಶ್ವಾಸಕೋಶದಲ್ಲಿ ಈ ಬದಲಾವಣೆಯನ್ನು ಹೆಚ್ಚಿಸುತ್ತದೆ. ಈ ಪ್ರತಿಕಾಯ ಗೆಣ್ಣು ಬಾಯುವ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಇರಬಹುದು. ಬೇರೆ ಕಾಯಿಲೆಗಳಲ್ಲಿ ಅಪರೂಪ. ಮಟ್ಟ ಜಾಸ್ತಿ ಇದ್ದವರಲ್ಲಿ ಮೂಳೆ ಬೇಗ ಸವೆಯುವ ಭಯ ಹೆಚ್ಚು. ಹಾಗಂತ ಇದೂ ನೆಗೆಟಿವ್ ಬಂದ ಸಂಧಿವಾತ ನೋಡಿದ್ದೇನೆ.

ಈಗ ನನ್ನ ಕ್ರಮ ತಿರುಗಿದೆ. ಮೊದಲ ಪ್ರಶ್ನೆ: "ಮುಂಜಾನೆ ರೊಟ್ಟಿ ಬಡಿಯಾಕ ಬರ್ತೈತೇನವ್ವ? ಎಷ್ಟ್ ಹೊತ್ತಿಗೆ ಕೈ ಸಡ್ಲ ಆಗ್ತಾವ?" ಆಮೇಲೆ ಬೆರಳುಗಳ ಬುಡದ ಗೆಣ್ಣುಗಳ ಸಾಲನ್ನು ಎರಡೂ ಕಡೆಯಿಂದ ಹಿಡಿದು ಮೆಲ್ಲಗೆ ಒತ್ತುತ್ತೇನೆ. ಮುಖ ಹಿಂಡಿದರೆ ಅದೇ ಅರ್ಧ ರಿಪೋರ್ಟ್. ಉಗುರಿನ ಹತ್ತಿರದ ಗೆಣ್ಣು ಮಾತ್ರ ಗಂಟಾಗಿದ್ದರೆ ಸಾಮಾನ್ಯವಾಗಿ ಅದು ವಯಸ್ಸಿನ ಸವೆತ. ಚಿಕುನ್‌ಗುನ್ಯಾ ಬಂದು ಹೋಗಿತ್ತೇ ಅಂತಲೂ ಕೇಳುತ್ತೇನೆ, ಅದರ ಕೀಲುನೋವು ತಿಂಗಳುಗಟ್ಟಲೆ ಸಂಧಿವಾತದಂತೆಯೇ ನಟಿಸುತ್ತದೆ. ಇಷ್ಟಾದ ಮೇಲೂ ಅನುಮಾನ ಉಳಿದರೆ ಎರಡೂ ಪ್ರತಿಕಾಯ ಒಟ್ಟಿಗೆ ಮಾಡಿಸುತ್ತೇನೆ. ಒಂದೇ ಸಲ.

ಒಂದೇ ಸಲ ಅನ್ನುವುದಕ್ಕೆ ಕಾರಣ ಇದೆ. ಕೆಲವರು ಫೈಲ್ ತುಂಬ ಆರ್‌ಎ ಫ್ಯಾಕ್ಟರ್ ಇಟ್ಟುಕೊಂಡು ಬರುತ್ತಾರೆ, ಮೂರು ತಿಂಗಳಿಗೊಂದು. "ಇನ್ನೂ ಪಾಸಿಟಿವ್ ಐತಲ್ರಿ, ಔಷಧ ಹತ್ತವಲ್ದೇನ್ರಿ?" ಕೀಲು ಪೂರ್ತಿ ಆರಾಮಾದವರಲ್ಲೂ ಅದು ಹಾಗೇ ಉಳಿಯಬಹುದು. ಔಷಧ ಹತ್ತಿದೆಯೋ ಇಲ್ಲವೋ ತಿಳಿಯಲು ಬಾವು ಇರುವ ಗೆಣ್ಣು ಎಣಿಸುತ್ತೇನೆ, ರಕ್ತದಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಇಎಸ್‌ಆರ್ ಅಥವಾ ಸಿಆರ್‌ಪಿ ನೋಡುತ್ತೇನೆ.

ಆ ನೇಕಾರ ಹೆಣ್ಣುಮಗಳು ಈಗ ಮೆಥೊಟ್ರೆಕ್ಸೇಟ್ ಎಂಬ ಸಂಧಿವಾತದ ಔಷಧದ ಮೇಲಿದ್ದಾರೆ. ಆ ಗುಳಿಗೆ ವಾರಕ್ಕೊಂದೇ ದಿನ, ದಿನಾ ನುಂಗಿದರೆ ಜೀವಕ್ಕೇ ಅಪಾಯ. ಮರೆಯಬಾರದು ಅಂತ ಸೋಮವಾರ ಗೊತ್ತು ಮಾಡಿದ್ದೇವೆ, ಹೇಗೂ ಅಂದು ಗುಡಿಗೆ ಹೋಗುತ್ತಾರೆ. ಹೋದ ತಿಂಗಳು ತಂಗಿಯನ್ನೂ ಕರೆತಂದಿದ್ದರು. "ಇಕಿದೂ ರಕ್ತ ನೋಡಿಬಿಡ್ರಿ." ತಂಗಿಯ ಗೆಣ್ಣು ಒತ್ತಿದೆ, ಆಕೆ ನಕ್ಕಳು. ಬೆಳಗಿನ ಬಿಗಿತ ಇಲ್ಲ, ಬಾವು ಇಲ್ಲ. ಈಗ ಬೇಡ, ಬೆಳಿಗ್ಗೆ ಕೈ ಬಿಗಿಯತೊಡಗಿದರೆ ತಡಮಾಡದೆ ಬಾ ಅಂದೆ.

"ಹಂಗಾರ ರೊಕ್ಕ ಉಳೀತು ನಡಿಯಕ್ಕ" ಅಂತ ಎದ್ದು ಹೊರಟಳು.