ಕಬ್ಬನ್ ಸಾಹೇಬನನ್ನು ನಗರದಿಂದ ಶುರು ಮಾಡಿ

ತೀರ್ಥಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷ ಹೈಸ್ಕೂಲಿನ ಮಕ್ಕಳಿಗೆ ಇತಿಹಾಸ ಹೇಳಿದವಳು ನಾನು. ರಿಟೈರ್ ಆದಮೇಲೂ ಮಕ್ಕಳು ಪ್ರಾಜೆಕ್ಟ್ ಹಿಡಿದುಕೊಂಡು ಮನೆಗೆ ಬರುತ್ತಾರೆ. ಮೊನ್ನೆ ಪಕ್ಕದ ಮನೆ ಹುಡುಗಿಗೆ ಸಿಕ್ಕಿದ್ದು ಬ್ರಿಟಿಷ್ ಅಧಿಕಾರಿ ಮಾರ್ಕ್ ಕಬ್ಬನ್. ಸಿಪಾಯಿಗಳ ಜೊತೆ ಇದ್ದವನು ಇಡೀ ಮೈಸೂರು ಸೀಮೆ ಆಳಿದ್ದನ್ನು ಒಂದು ಚಾರ್ಟಿನಲ್ಲಿ ಹೇಗೆ ತೋರಿಸುವುದು? ಅವಳಿಗೆ ಹೇಳಿಕೊಟ್ಟಿದ್ದನ್ನೇ ಬರೆಯುತ್ತೇನೆ.

ಹುಟ್ಟಿದ ಊರಿನಿಂದ ಶುರು ಮಾಡಬೇಡಿ. ನಾನೂ ಮೊದಲು ಹಾಗೇ ಬರೆಸುತ್ತಿದ್ದೆ. ಮೂವತ್ತು ಪುಸ್ತಕದಲ್ಲೂ 'ಇವರು ಮ್ಯಾನ್ ದ್ವೀಪದಲ್ಲಿ ಜನಿಸಿದರು' ಅಂತ ಒಂದೇ ಸಾಲು. ತಿದ್ದುವಷ್ಟರಲ್ಲಿ ತೂಕಡಿಕೆ ಬರುತ್ತಿತ್ತು. ಅದರ ಬದಲು ಚಾರ್ಟಿನ ಅಡ್ಡಕ್ಕೆ ಒಂದು ಗೆರೆ ಎಳೆದು ನಡುವೆ 1830 ಅಂತ ಬರೆಯಿರಿ. ಅದು ನಮ್ಮ ನಗರದ ದಂಗೆ ಎದ್ದ ವರ್ಷ. ಅದೇ ನಗರ, ಹೊಸನಗರ ತಾಲ್ಲೂಕಿನದು, ಬಿದನೂರು ಕೋಟೆ ಇರುವುದು. ಕಂದಾಯದ ಕಾಟ ತಾಳಲಾರದೆ ರೈತರು ಕೂಟ ಕಟ್ಟಿದರು. ಬೂದಿ ಬಸವಪ್ಪ ಎಂಬವನು ಕೆಳದಿಯ ಗಾದಿ ತನ್ನದೆಂದ. ಇದನ್ನೇ ನೆಪ ಮಾಡಿ 1831ರಲ್ಲಿ ಕಂಪನಿಯವರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು.

ಇನ್ನು ಗೆರೆಯ ಎಡಕ್ಕೆ ಬನ್ನಿ. ಮದ್ರಾಸ್ ಸೈನ್ಯ ಅಂತ ಬರೆದರೆ ಸಾಕು, ಜೊತೆಗೆ ಸೋದರಮಾವನ ಹೆಸರು ಹಾಕಿ: ಮಾರ್ಕ್ ವಿಲ್ಕ್ಸ್. ಅವನೂ ಸೈನ್ಯದವನೇ. ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ರಾಜನ ಬಳಿ ಕಂಪನಿಯ ಪ್ರತಿನಿಧಿ ಆಗಿ, ಆಮೇಲೆ ಸೇಂಟ್ ಹೆಲೆನಾ ದ್ವೀಪಕ್ಕೆ ಗವರ್ನರ್ ಆಗಿ ಹೋದ. ಮಾವನ ಬಲ ಅಂದರೆ ಸುಮ್ನೆನಾ!

ಬಲಗಡೆಗೆ ಎರಡು ಬಣ್ಣ ಬೇಕು. ಸೈನ್ಯದ ಪದವಿ ಕೆಂಪು, ಕುರ್ಚಿಯ ಕೆಲಸ ಹಸಿರು. ನಗರದ ದಂಗೆಗೆ ಕಾರಣ ಏನೆಂದು ವಿಚಾರಿಸಲು ಕೂತ ಸಮಿತಿಯಲ್ಲಿ ಕಬ್ಬನ್ ಇದ್ದ. 1833ರಲ್ಲಿ ವರದಿ ಬಂತು. 1834ರಲ್ಲಿ ಅವನೇ ಕಮಿಷನರ್, ಅಂದರೆ ಕಂಪನಿಯ ಪರವಾಗಿ ಮೈಸೂರು ಸೀಮೆ ಆಳುವವನು. ಈ ಎರಡು ಹಸಿರು ಚುಕ್ಕೆ ಹತ್ತಿರ ಹತ್ತಿರ ಇಡಿ, ಅರ್ಥ ತಾನೇ ಗೊತ್ತಾಗುತ್ತದೆ. 'ಗವರ್ನರ್' ಅಂತ ಮಾತ್ರ ಬರೆಯಬೇಡಿ, ಮಾರ್ಕ್ಸ್ ಹೋಗುತ್ತೆ. ಕೆಂಪು ಚುಕ್ಕೆ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಕಡತ ನೋಡುತ್ತಲೇ ಲೆಫ್ಟಿನೆಂಟ್ ಜನರಲ್ ತನಕ ಹೋದ.

ಚಾರ್ಟಿನ ದೊಡ್ಡ ಜಾಗ ತೆರಿಗೆಗೆ ಬಿಡಿ. ಆಗ 769 ಚಿಲ್ಲರೆ ತೆರಿಗೆ ರದ್ದಾದವು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ಮತ್ತೊಂದು. ನಗರ ಸೀಮೆಯ ಒಂದು ಜಾಗದಲ್ಲಂತೂ ಎರಡೂ ಕೈ ಮೈಗೆ ಒತ್ತಿಕೊಂಡು ನಡೆಯದಿದ್ದರೆ ದುಡ್ಡು ಕೊಡಬೇಕಿತ್ತು! ಹುಡುಗಿ ಇದನ್ನು ಕೇಳಿ ನಗುತ್ತಾ ಪೆನ್ಸಿಲ್ ಕೈಗೆತ್ತಿಕೊಂಡಳು.

1861ರಲ್ಲಿ ಊರಿಗೆ ಹೊರಟವನು ಸೂಯೆಜ್‌ನಲ್ಲೇ ತೀರಿಕೊಂಡ. ಇದಕ್ಕೆ ಒಂದು ಸಾಲು ಸಾಕು. ಕಬ್ಬನ್ ಪಾರ್ಕಿನ ಫೋಟೊ ಜಾಗ ಉಳಿದರೆ ಅಂಟಿಸಿ. ನಮ್ಮ ಹುಡುಗಿಗೆ ಉಳಿಯಲಿಲ್ಲ. ಕೈ ಬೀಸಿ ನಡೆದು ಸಿಕ್ಕಿಬಿದ್ದ ಒಬ್ಬ ರೈತ ಅರ್ಧ ಚಾರ್ಟ್ ತಿಂದಿದ್ದ.